ಹಳೆಯ ಲೆಕ್ಕ, ಹೊಸ ಪುಸ್ತಕ

ಬಾಡಿಗೆ ಮನೆ ಬದಲಾಯಿಸಿದವರಿಗೆಲ್ಲ ಈ ಅನುಭವವುಂಟು. ಪಾತ್ರೆ, ಹಾಸಿಗೆ, ದೇವರ ಪಟ ಎಲ್ಲವೂ ಸುರಕ್ಷಿತವಾಗಿ ಬಂದಿರುತ್ತವೆ; ಹಳೆಯ ರಸೀದಿಗಳನ್ನಿಟ್ಟಿದ್ದ ತಗಡಿನ ಡಬ್ಬಿ ಮಾತ್ರ ಕಾಣದು. ಅದರ ಬೆಲೆ ತಿಳಿಯುವುದು ಎಷ್ಟೋ ವರ್ಷಗಳ ಮೇಲೆ, ಯಾರಾದರೂ ವ್ಯಾಜ್ಯ ಹೂಡಿದಾಗ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಜಮೀನಿನ ಲೆಕ್ಕವೂ ಹೀಗೆ ಹಲವು ಬಾರಿ ಮನೆ ಬದಲಾಯಿಸಿದೆ. 1948ರ ಸೆಪ್ಟೆಂಬರಿನವರೆಗೆ ಇವು ನಿಜಾಮರ ಆಳ್ವಿಕೆಯಲ್ಲಿದ್ದವು. ದಫ್ತರದ ಭಾಷೆ ಉರ್ದು, ವರ್ಷ ಫಸಲಿ, ನಾಣ್ಯ ಹಾಲಿ ಸಿಕ್ಕಾ. 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದ ಮೇಲೆ ಲೆಕ್ಕವು ಕ್ರಮೇಣ ಕನ್ನಡದ ಪುಸ್ತಕಕ್ಕೆ ಬಂದಿತು.

ತೊಡಕು ಲಿಪಿಯೊಂದರದೇ ಅಲ್ಲ, ಅಂಕಿಯೂ ಮೋಸಮಾಡಬಲ್ಲುದು. ಫಸಲಿ 1346 ಎಂದರೆ 1936-37ನೆಯ ಇಸವಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ರೂಪಾಯಿ ಸಮ. ಹಳೆಯ ಪುಸ್ತಕದ 14 ರೂಪಾಯಿ ಕಂದಾಯವನ್ನು ಹಾಗೆಯೇ 14 ಎಂದು ನಕಲುಮಾಡಿದ ಕಾರಕೂನನು ಒಂದಂಕಿಯನ್ನೂ ತಪ್ಪಿಲ್ಲ. ಆದರೂ ರೈತನ ಮೇಲೆ ಎರಡು ರೂಪಾಯಿ ಹೆಚ್ಚು ಹೇರಿದಂತಾಯಿತು. ನಲವತ್ತು ಗುಂಟೆಗೆ ಒಂದು ಎಕರೆ. ‘3-20’ ಎಂದರೆ ಮೂರೂವರೆ ಎಕರೆ. ಅದನ್ನು ದಶಾಂಶವೆಂದು ಭ್ರಮಿಸಿ 3.20 ಎಂದು ಓದಿದರೆ ಉಳಿಯುವುದು ಮೂರೆಕರೆ ಎಂಟು ಗುಂಟೆ. ಹನ್ನೆರಡು ಗುಂಟೆ ಭೂಮಿ ಒಂದು ಚುಕ್ಕೆಯಲ್ಲಿ ಮುಳುಗಿಹೋಗುತ್ತದೆ!

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಕರ್ನಾಟಕ ಸರಕಾರದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತುಂಬಿದ ವಿವರಗಳನ್ನು ಮುದ್ರಿಸಿ, ಗ್ರಾಮಲೆಕ್ಕಿಗರ ಕೈಗಿತ್ತು, ಮೂಲ ಪುಸ್ತಕದೊಡನೆ ತಾಳೆ ನೋಡಿಸಲಾಯಿತು. ಅನಂತರವೇ ಕೈಬರಹದ ಪಹಣಿಯ ಮಾನ್ಯತೆ ತಪ್ಪಿತು. ಯಾರೂ ಗುಟ್ಟಾಗಿ ತಿದ್ದದಂತಾದುದು ದೊಡ್ಡ ಲಾಭ. ಆದರೆ ತಾಳೆಯಲ್ಲಿ ಕಣ್ತಪ್ಪಿದ ದೋಷವೂ ಅಷ್ಟೇ ಭದ್ರವಾಗಿ ನೆಲೆಯೂರುತ್ತದೆ. ಅದನ್ನು ಅಳಿಸಲು ರೈತನಿಗಿರುವ ಸಾಕ್ಷಿ ಹಳೆಯ ಪುಸ್ತಕವೊಂದೇ. ತಾಲೂಕು ಕಚೇರಿಗಳ ಹಳೆಯ ಕಡತಗಳ ಪ್ರತಿಚಿತ್ರ ತೆಗೆದಿಡುವ ‘ಭೂ ಸುರಕ್ಷಾ’ ಕಾರ್ಯ 2024ರಲ್ಲಿ ಆರಂಭವಾದುದು ಈ ಕಾರಣದಿಂದ ಸಮಯೋಚಿತ.

ಇಂದಿನ ವರ್ತಕನಿಗೂ ಈ ಪಾಠ ಹೊರತಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆಳಂದದ ವ್ಯಾಪಾರಿಯೊಬ್ಬನು ಅಂತರಜಾಲದಲ್ಲಿ ಬೇಳೆ ಮಾರುತ್ತಾನೆಂದು ಭಾವಿಸಬಹುದು. ಗಿರಾಕಿಗಳು ಯಾವ ತಿಂಗಳಲ್ಲಿ ಹೆಚ್ಚು ಬಂದರು, ಎಷ್ಟು ಮೂಟೆ ದಾಸ್ತಾನು ಬೇಕು ಎಂಬುದನ್ನು ಅವನಿಗೆ ಹೇಳುತ್ತಿದ್ದುದು ಗೂಗಲ್ ಸಂಸ್ಥೆಯ ಎಣಿಕೆಯ ಪುಸ್ತಕ, ‘ಯೂನಿವರ್ಸಲ್ ಅನಲಿಟಿಕ್ಸ್’. ಸಾಮಾನ್ಯ ಖಾತೆಗಳಲ್ಲಿ ಅದು 2023ರ ಜುಲೈ 1ರಿಂದ ಹೊಸ ಎಣಿಕೆಯನ್ನು ನಿಲ್ಲಿಸಿತು; 2024ರ ಜುಲೈ 1ರಿಂದ ಹಳೆಯ ಅಂಕಿಗಳ ಬಾಗಿಲೂ ಮುಚ್ಚಿತು. ಅದರ ಸ್ಥಾನಕ್ಕೆ ಬಂದ ‘ಅನಲಿಟಿಕ್ಸ್ 4’ ಹಳೆಯದನ್ನು ತಾನಾಗಿ ಹೊತ್ತು ತರಲಿಲ್ಲ. ಮೊದಲೇ ಇಳಿಸಿಟ್ಟುಕೊಂಡವರಿಗೆ ಉಳಿಯಿತು. ನಾಳೆ ನೋಡೋಣವೆಂದವರಿಗೆ ಹೋಯಿತು.

ಇಲ್ಲಿಯೂ ಹಾಲಿ-ಕಲ್ದಾರಿನ ತೊಡಕುಂಟು. ಮಧ್ಯರಾತ್ರಿ ದಾಟಿ ಕುಳಿತ ಗಿರಾಕಿಯನ್ನು ಹಳೆಯ ಪುಸ್ತಕ ಎರಡು ಭೇಟಿಗಳೆಂದು ಎಣಿಸುತ್ತಿತ್ತು. ಹೊಸದು ಒಂದೆಂದು ಎಣಿಸುತ್ತದೆ. ಅಂಕಿ ಇಳಿದುದನ್ನು ಕಂಡು ವ್ಯಾಪಾರವೇ ಇಳಿಯಿತೆಂದು ದಾಸ್ತಾನು ತಗ್ಗಿಸಿದವನು ನಷ್ಟಕ್ಕೆ ಗುರಿಯಾಗುವನು.

ಆದುದರಿಂದ ಪುಸ್ತಕ ಬದಲಿಸುವವರು ನಾಲ್ಕು ಮಾತುಗಳನ್ನು ನೆನಪಿಡಬೇಕು. ಹಳೆಯ ಅಂಕಿಗಳನ್ನು ತಿಂಗಳವಾರು ಇಳಿಸಿ ತಮ್ಮ ಬಳಿಯೇ ಇಟ್ಟುಕೊಳ್ಳಬೇಕು. ಕೆಲಕಾಲ ಎರಡು ಪುಸ್ತಕಗಳನ್ನೂ ಜೊತೆಯಾಗಿ ಬರೆಯಬೇಕು. ಎರಡರ ಮೊತ್ತವನ್ನು ತಾಳೆ ನೋಡಿ, ವ್ಯತ್ಯಾಸಕ್ಕೆ ಕಾರಣ ಹುಡುಕಬೇಕು. ಯಾವ ದಿನದಿಂದ ಯಾವ ಅಳತೆ ಎಂಬುದನ್ನು ಮೊದಲ ಪುಟದಲ್ಲಿಯೇ ಗುರುತಿಸಬೇಕು.

ಹೊಸ ಪುಸ್ತಕ ಬಂದಿತೆಂದು ಹಳೆಯದನ್ನು ಅಟ್ಟಕ್ಕೇರಿಸುವುದು ತಪ್ಪಲ್ಲ, ಒಲೆಗಿಕ್ಕುವುದು ತಪ್ಪು. ಹನ್ನೆರಡು ಗುಂಟೆ ಕಳೆದುಕೊಂಡ ರೈತನಿಗೆ ಒಂದು ದಿನ ಅದೇ ಪುಸ್ತಕ ನೆಲವನ್ನು ಮರಳಿಸೀತು.