ನಮ್ಮ ಮನೆ ಮಾರೋಕೆ ಇನ್ನೊಬ್ಬರ ಅಪ್ಪಣೆ ಯಾಕೆ?

ಮೊದಲೆಲ್ಲ ಬೆಂಗಳೂರಿನಲ್ಲಿ ಮನೆ ಮಾರಬೇಕಿದ್ದರೆ ನಾಲ್ಕು ಜನ ಬ್ರೋಕರುಗಳ ಕಿವಿಗೆ ಹಾಕಿದರೆ ಸಾಕಿತ್ತು. ಯಾರು ಪಾರ್ಟಿ ಕರೆತಂದು ವ್ಯಾಪಾರ ಕುದುರಿಸುತ್ತಾರೋ ಅವರಿಗೆ ಕಮಿಷನ್. ಈಗ ಇಸ್ತ್ರಿ ಮಾಡಿದ ಶರ್ಟಿನ ಏಜೆಂಟರು ಬಂದವರೇ ಒಂದು ಕಾಗದ ಮುಂದಿಡುತ್ತಾರೆ. ‘ಎಕ್ಸ್‌ಕ್ಲೂಸಿವ್ ಅಗ್ರಿಮೆಂಟ್’. ಆರು ತಿಂಗಳು ಮಾರುವ ಹಕ್ಕು ಅವರೊಬ್ಬರದೇ. “ಸೈನ್ ಮಾಡಿ ಸಾರ್, ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಅಷ್ಟೇ.”

ಯಾರಿಗೆ ಸ್ವಾಮಿ ಸ್ಟ್ಯಾಂಡರ್ಡು?

ಒಬ್ಬನಿಗೇ ಒಪ್ಪಿಸುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಫೋಟೋ ತೆಗೆಸಿ, ಜಾಹೀರಾತು ಹಾಕಿ, ಭಾನುವಾರವೂ ಬಂದು ಮನೆ ತೋರಿಸಿದವನ ಕಣ್ಣೆದುರೇ ಇನ್ನೊಬ್ಬ ಕಮಿಷನ್ ಹೊಡೆದುಕೊಂಡು ಹೋದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ‘ಬೇರೆ ಬ್ರೋಕರಿಗೆ ಕೊಡಬೇಡಿ’ ಅನ್ನೋದು ನ್ಯಾಯವೇ. ನನ್ನ ತಕರಾರು ಅದರ ಬಾಲ ಹಿಡಿದು ಬರುವ ಇನ್ನೊಂದು ಸಾಲಿನ ಮೇಲೆ: ಈ ಅವಧಿಯಲ್ಲಿ ಮಾಲೀಕನೇ ಗಿರಾಕಿ ಹುಡುಕಿ ಮಾರಿದರೂ ಏಜೆಂಟನಿಗೆ ಕಮಿಷನ್ ಕೊಡತಕ್ಕದ್ದು!

ಹೋದ ವರ್ಷ ನಮ್ಮ ತಂದೆಯವರ ಮನೆ ಮಾರುವಾಗ ನನ್ನ ಕೈಗೆ ಬಂದ ಕಾಗದದಲ್ಲಿ ಇದೇ ಸಾಲು ನಾಲ್ಕನೇ ಪುಟದಲ್ಲಿತ್ತು. ಮಹಡಿ ಮೇಲಿನ ಬಾಡಿಗೆಯವರು ಎರಡು ವರ್ಷದಿಂದ “ಕೊಡೋದಾದ್ರೆ ಮೊದ್ಲು ನಮಗೆ ಹೇಳಿ ಅಂಕಲ್” ಅಂತಿದ್ದವರು. ಅವರೇ 1.20 ಕೋಟಿಗೆ ಕೊಂಡರು ಅಂತಿಟ್ಟುಕೊಳ್ಳಿ. ಶೇಕಡಾ 2ರಂತೆ 2,40,000, ಅದಕ್ಕೆ 18% ಜಿಎಸ್‌ಟಿ 43,200. ಒಟ್ಟು 2,83,200 ರೂಪಾಯಿ, ನಮ್ಮ ಮನೆಯವರಿಗೇ ನಮ್ಮ ಮನೆ ತೋರಿಸಿದ್ದಕ್ಕೆ!

ಆ ಸಾಲು ಹೊಡೆದುಹಾಕಿ ಅಂದೆ. “ಕಂಪನಿ ಪಾಲಿಸಿ ಸಾರ್, ಇಲ್ಲಾಂದ್ರೆ ಓನರ್‌ಗಳು ನಾವು ತಂದ ಪಾರ್ಟಿ ಜೊತೆ ಹಿಂದಿನ ಬಾಗಿಲಲ್ಲಿ ವ್ಯಾಪಾರ ಮುಗಿಸ್ಕೋತಾರೆ” ಅಂದ. ಅಂಥ ಓನರುಗಳೂ ಇದ್ದಾರೆ, ಇಲ್ಲ ಅನ್ನಲ್ಲ. ಅದಕ್ಕೆ ಮದ್ದು ಸುಲಭ. ನೀನು ಕರೆತಂದವರ ಹೆಸರನ್ನೆಲ್ಲ ಅಂದಂದೇ ವಾಟ್ಸಾಪ್ ಮಾಡು, ಅವರಲ್ಲಿ ಯಾರು ಕೊಂಡರೂ, ಅವಧಿ ಮುಗಿದು ಮೂರು ತಿಂಗಳಾದರೂ, ಕಮಿಷನ್ ನಿನ್ನದು. ಅವನು ಒಪ್ಪಲಿಲ್ಲ. ಇನ್ನೊಬ್ಬ ಒಪ್ಪಿದ, ಬಾಡಿಗೆಯವರ ಹೆಸರನ್ನು ಹೊರತುಪಡಿಸಿ ಅಂತ ಬರೆದೂ ಕೊಟ್ಟ. ಕೊನೆಗೆ ಅವನು ತಂದ ಪಾರ್ಟಿಯೇ ಕೊಂಡಿತು, ರಿಜಿಸ್ಟ್ರೇಷನ್ ದಿನವೇ ಪೂರ್ತಿ ಕಮಿಷನ್ ಕೊಟ್ಟೆ.

ಇಂಗ್ಲೆಂಡಿನಲ್ಲಿ ಇವೆರಡಕ್ಕೂ ಬೇರೆ ಬೇರೆ ಹೆಸರೇ ಇದೆ. ‘ಸೋಲ್ ಏಜೆನ್ಸಿ’ ಅಂದರೆ ನೀವೇ ಗಿರಾಕಿ ಹುಡುಕಿಕೊಂಡರೆ ಏಜೆಂಟನಿಗೆ ಏನೂ ಕೊಡಬೇಕಿಲ್ಲ. ‘ಸೋಲ್ ಸೆಲ್ಲಿಂಗ್ ರೈಟ್ಸ್’ ಅಂದರೆ ಆಗಲೂ ಕೊಡಬೇಕು. ಈ ಪದಗಳನ್ನು ಬಳಸುವ ಏಜೆಂಟ್ ಅವುಗಳ ಅರ್ಥವನ್ನು ಬರಹದಲ್ಲೇ ತಿಳಿಸಬೇಕು ಅಂತ 1991ರಲ್ಲೇ ನಿಯಮ ಮಾಡಿದ್ದಾರೆ. ನಮ್ಮಲ್ಲಿ ಎರಡಕ್ಕೂ ‘ಎಕ್ಸ್‌ಕ್ಲೂಸಿವ್’ ಅನ್ನೋ ಒಂದೇ ಟೋಪಿ. ರೇರಾ ಇದೆಯಲ್ಲ ಅಂತೀರಾ? 2016ರ ಆ ಕಾಯ್ದೆ ಏಜೆಂಟರ ನೋಂದಣಿ ಕೇಳೋದು ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟುಗಳ ಮಾರಾಟಕ್ಕೆ. ಅಪ್ಪ ಕಟ್ಟಿಸಿದ ಮೂವತ್ತು ವರ್ಷದ ಮನೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಉಳಿಯೋದು 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್. ಬೇರೆ ಕರಾರು ಇಲ್ಲದಿದ್ದರೆ, ಒಪ್ಪಿಕೊಂಡ ಕೆಲಸ ಮುಗಿಯುವ ತನಕ ಏಜೆಂಟನಿಗೆ ಸಂಭಾವನೆ ಸಲ್ಲುವುದಿಲ್ಲ ಅನ್ನುತ್ತದೆ ಅದರ 219ನೇ ಸೆಕ್ಷನ್. ಅಂದರೆ ಕಾನೂನು ನಿಮ್ಮ ಕಡೆಗೇ ಇದೆ, ನೀವೇ ಸಹಿ ಹಾಕಿ ಅದನ್ನು ಬಿಟ್ಟುಕೊಡುವ ತನಕ. “ಬೇಡಾಂದ್ರೆ ಯಾವಾಗ ಬೇಕಾದ್ರೂ ಬಿಟ್ಬಿಡಿ ಸಾರ್” ಅನ್ನುವ ಬಾಯಿಮಾತನ್ನೂ ನಂಬಬೇಡಿ. ಇಂತಿಷ್ಟು ಅವಧಿ ಅಂತ ಬರೆದುಕೊಟ್ಟ ಮೇಲೆ ತಕ್ಕ ಕಾರಣವಿಲ್ಲದೆ ಮಧ್ಯದಲ್ಲಿ ಬಿಡಿಸಿದರೆ, 205ನೇ ಸೆಕ್ಷನ್ ಪ್ರಕಾರ ಅವನು ಪರಿಹಾರ ಕೇಳಬಹುದು. ಹದಿನೈದು ದಿನದ ನೋಟಿಸ್ ಕೊಟ್ಟು ಯಾರು ಬೇಕಾದರೂ ಬಿಡಬಹುದು ಅಂತ ಅದೇ ಕಾಗದದ ಮೇಲೆ, ಅವನ ಪೆನ್ನಲ್ಲೇ ಬರೆಸಿಕೊಳ್ಳಿ.