ಆಟಿ ಮಳೆಗೆ ಬರುವ ಗಲ್ಫ್ ಮಕ್ಕಳು

ಗಲ್ಫಿನ ಶಾಲೆಗಳಿಗೆ ದೊಡ್ಡ ರಜೆ ಜುಲೈ-ಆಗಸ್ಟಿನಲ್ಲಿ. ಇಲ್ಲಿ ಅದು ಆಟಿ ತಿಂಗಳು, ಜಡಿಮಳೆ. 2006ರಲ್ಲಿ ಬಜ್ಪೆಯಿಂದ ನೇರ ವಿಮಾನ ಶುರುವಾದ ಮೇಲೆ ಮುಂಬಯಿ ಸುತ್ತಿ ಬರುವ ಕಷ್ಟ ತಪ್ಪಿತು. ಜೆಪ್ಪುವಿನ ಅಜ್ಜ-ಅಜ್ಜಿಯರಿಗೆ ಮೊಮ್ಮಕ್ಕಳ ಮುಖ ಕಾಣುವುದು ಆಗಲೇ. ಆದರೆ ಆ ಮಕ್ಕಳು ಊರಲ್ಲಿ ನೋಡುವುದೇನು? ಮಾಲ್, ಮದುವೆ ಹಾಲ್, ಚಿನ್ನದ ಅಂಗಡಿ. ಅದೆಲ್ಲ ದುಬೈಯಲ್ಲೂ ಉಂಟಲ್ಲ ಮಾರಾಯ್ರೇ!

ಮಾಡಿನ ಹಂಚು ಯಾರಾದರೂ ತೋರಿಸಿದ್ದಾರಾ? ನೇತ್ರಾವತಿ ದಡದ ಜೇಡಿಮಣ್ಣು ನಂಬಿ ಜರ್ಮನಿಯ ಮಿಷನರಿ ಪ್ಲೆಬ್ಸ್ಟ್ 1860ರ ದಶಕದಲ್ಲಿ ಇಲ್ಲಿ ಹಂಚು ಸುಡಲು ಶುರುಮಾಡಿದರು. ಜೆಪ್ಪುವಿನ ಬಾಸೆಲ್ ಮಿಷನ್ ಕಾರ್ಖಾನೆ ಮೊದಲ ಮಹಾಯುದ್ಧದ ದೆಸೆಯಿಂದ ಜರ್ಮನರ ಕೈ ತಪ್ಪಿ ಕಾಮನ್‌ವೆಲ್ತ್ ಆಯಿತು. ಮಂಗಳೂರಿನ ಹಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಕ್ಕೆ ಹಡಗೇರಿತು. ಜೆಪ್ಪುವಿನ ಜನರಿಗಿಂತ ಮೊದಲೇ ಜೆಪ್ಪುವಿನ ಮಣ್ಣು ಫಾರಿನ್ನಿಗೆ ಹೋಯಿತು! ಹಳೇ ಹಂಚು ಮಗುಚಿದರೆ ಕಾರ್ಖಾನೆಯ ಹೆಸರು, ಊರ ಹೆಸರು ಅಚ್ಚೊತ್ತಿರುತ್ತದೆ. ಚರಿತ್ರೆ, ಭೂಗೋಳ, ವ್ಯಾಪಾರ, ಮೂರೂ ಪಾಠ ಒಂದೇ ಹಂಚಿನಲ್ಲಿ. ಮಾಡು ಅಷ್ಟು ಇಳಿಜಾರು ಯಾಕೆಂದು ಮಗು ಕೇಳಿದರೆ ಉತ್ತರ ಹೇಳಲು ಆಟಿ ಮಳೆಯೇ ಸಾಕು.

ಟಿಕೇಟು ದುಬಾರಿ, ಇರುವ ದಿನ ಕಮ್ಮಿ, ಮಳೆಗೆ ಜ್ವರ ಬಂದರೆ ಎಂದು ಹೆತ್ತವರು ಹೇಳುತ್ತಾರೆ. ಸುಳ್ಳಲ್ಲ. ರಜೆಯ ಸಮಯದಲ್ಲೇ ವಿಮಾನದ ದರ ಏರುತ್ತದೆ, ನಾಲ್ಕು ಜನರ ಸಂಸಾರಕ್ಕೆ ಪ್ರತಿವರ್ಷ ಆಗುವ ಮಾತಲ್ಲ. ಅಷ್ಟು ಸುರಿದು ಬಂದ ಮೇಲಾದರೂ ಮಗುವನ್ನು ಮೊಬೈಲಿನ ಎದುರು ಕೂರಿಸುವುದು ನಷ್ಟದ ವ್ಯಾಪಾರವಲ್ಲವೇ?

ಇದು ಬರೇ ಮೋಜಿನ ಪ್ರಶ್ನೆ ಅಲ್ಲ. ಎಷ್ಟು ವರ್ಷ ದುಡಿದರೂ ಗಲ್ಫಿನಲ್ಲಿ ಸಾಮಾನ್ಯರಿಗೆ ಪೌರತ್ವ ಸಿಗದು. ಹನ್ನೆರಡನೇ ಕ್ಲಾಸ್ ಮುಗಿಸಿ ಎಷ್ಟೋ ಮಕ್ಕಳು ಮಂಗಳೂರಿನ ಕಾಲೇಜಿಗೇ ಬರುತ್ತಾರೆ. ಆಗ ತುಳು, ಕೊಂಕಣಿ, ಬ್ಯಾರಿ ಯಾವುದೂ ನಾಲಿಗೆಗೆ ಹತ್ತದೆ, ಸ್ವಂತ ಊರಲ್ಲೇ ಪರದೇಶಿಗಳಾಗುತ್ತಾರೆ.

ದೊಡ್ಡ ಟೂರ್ ಬೇಡ. ಕಾರು ಬಿಟ್ಟು ಮೋರ್ಗನ್ಸ್ ಗೇಟಿನಲ್ಲಿ ಸಿಟಿ ಬಸ್ ಹತ್ತಿಸಲಿ, ಕಂಡಕ್ಟರಿಗೆ ದುಡ್ಡು ಮಗುವೇ ಕೊಡಲಿ. ಅಂಗಡಿಯಲ್ಲಿ ಪತ್ರೊಡೆಯ ಕೆಸುವಿನೆಲೆ ಎಷ್ಟೆಂದು ಮಗುವೇ ಕೇಳಲಿ. ಅಂಗಡಿಯವರೂ ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡದೆ ಊರಿನ ಭಾಷೆಯಲ್ಲಿ ಮಾತಾಡಿಸಲಿ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಹಂಚಿನ ಮನೆಗಳೂ ಫ್ಲಾಟಾಗುತ್ತಿವೆ. ತೋರಿಸುವುದಿದ್ದರೆ ಈ ಆಟಿಯಲ್ಲೇ ತೋರಿಸಬೇಕು.