ಬಂದೂಕಿನಾಕಾರದ ಕ್ಯಾಮರಾ: ಉಳಿಸುವುದೇನು, ಬಿಡುವುದೇನು?

ಹಕ್ಕಿ-ಮೃಗಗಳ ಚಿತ್ರ ತೆಗೆಯುವ ಹವ್ಯಾಸಿಗಳಲ್ಲಿ ಕೆಲವರು ಹಳೆಯ ‘ಫೋಟೋಸ್ನೈಪರ್’ಗಳನ್ನು ಹುಡುಕಿ ತಂದು, ಅವಕ್ಕೆ ಇಂದಿನ ಡಿಜಿಟಲ್ ಕ್ಯಾಮರಾಗಳನ್ನು ಜೋಡಿಸುವುದುಂಟು. ಬಂದೂಕಿನಂತೆ ಭುಜಕ್ಕಾನಿಸಿ, ಬಂದೂಕಿನಂತೆಯೇ ಬೆರಳಿನಿಂದೆಳೆದು ಚಿತ್ರ ತೆಗೆಯುವ ಸಾಧನವಿದು. ಇದನ್ನು ಹಳೆಯ ವಸ್ತುಗಳ ಮೋಹವೆಂದು ನಗುವವರ ಮಾತನ್ನು ನಾನು ಒಪ್ಪಲಾರೆ. ಇದ್ದ ರೂಪದಲ್ಲಿಯೇ ಕಾಡಿಗೆ ಒಯ್ಯುವವರ ಪಕ್ಷವನ್ನೂ ವಹಿಸಲಾರೆ. ಅದರಲ್ಲಿ ಉಳಿಸಿಕೊಳ್ಳತಕ್ಕ ಅಂಶವೊಂದಿದೆ, ಕಳಚಿ ಹಾಕತಕ್ಕ ಅಂಶವೂ ಒಂದಿದೆ.

ಕಲ್ಪನೆಯೇನೋ ಬಹಳ ಹಿಂದಿನದು. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಎಂಬವನು ಹಾರುವ ಹಕ್ಕಿಯ ರೆಕ್ಕೆಬಡಿತವನ್ನು ಅಭ್ಯಸಿಸಲೆಂದು ೧೮೮೨ರಲ್ಲಿ ಬಂದೂಕಿನ ರೂಪದ ಕ್ಯಾಮರಾವೊಂದನ್ನು ನಿರ್ಮಿಸಿದನು. ಅದು ತಿರುಗುವ ತಟ್ಟೆಯ ಮೇಲೆ ಸೆಕೆಂಡಿಗೆ ೧೨ ಚಿತ್ರಗಳನ್ನು ಮೂಡಿಸುತ್ತಿತ್ತು. ಒಂದೊಂದು ಚಿತ್ರಕ್ಕೂ ಬೆಳಕು ಬೀಳುತ್ತಿದ್ದುದು ಸೆಕೆಂಡಿನ ೭೨೦ರಲ್ಲಿ ಒಂದು ಭಾಗ ಮಾತ್ರ. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೋವಿಯತ್ ಒಕ್ಕೂಟದಲ್ಲಿ ಇಂಥ ಸಾಧನಗಳು ಸೇನೆಗಾಗಿ ತಯಾರಾದುವು. ಮಾಸ್ಕೋ ಸಮೀಪದ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಿಂದ ೧೯೬೫ರಲ್ಲಿ ಹೊರಬಂದ ‘ಎಫ್‌ಎಸ್-೩’ ಎಂಬ ಮಾದರಿ ಹವ್ಯಾಸಿಗಳ ಕೈಗೂ ದೊರೆಯಿತು. ಜೆನಿತ್ ಕ್ಯಾಮರಾ, ೩೦೦ ಮಿ.ಮೀ. ಸಂಗಮದೂರದ ‘ತಾಯಿರ್’ ಮಸೂರ, ಭುಜದಾಸರೆ, ಎಲ್ಲವೂ ಒಂದೇ ಲೋಹದ ಪೆಟ್ಟಿಗೆಯಲ್ಲಿ!

ಇದರ ರಚನೆಯನ್ನು ಗಮನವಿಟ್ಟು ನೋಡಿದವರಿಗೆ ಆ ಶಿಲ್ಪಿಗಳ ವಿವೇಕ ತಿಳಿಯದಿರದು. ಬರಿಗೈಯಲ್ಲಿ ಹಿಡಿದ ಉದ್ದ ಮಸೂರವು ನಮ್ಮ ಉಸಿರಿಗೂ ನಾಡಿಯ ಮಿಡಿತಕ್ಕೂ ಅಲುಗುತ್ತದೆ. ಮಸೂರ ದೂರದ ಹಕ್ಕಿಯನ್ನು ಹಿಗ್ಗಿಸುವಂತೆ ಈ ಅಲುಗಾಟವನ್ನೂ ಹಿಗ್ಗಿಸುತ್ತದೆ. ಭುಜದಾಸರೆಯಿದ್ದರೆ ಭಾರವು ಭುಜ, ಕೆನ್ನೆ, ಕೈ ಎಂಬ ಮೂರು ನೆಲೆಗಳಲ್ಲಿ ಹಂಚಿಹೋಗುವುದು. ಎಡಗೈಯ ಬೆರಳುಗಳು ಮಸೂರದ ಅಡಿಯಲ್ಲಿರುವ ದೊಡ್ಡ ತಿರುಪನ್ನು ತಿರುಗಿಸಿ ಬಿಂಬವನ್ನು ಸ್ಫುಟಗೊಳಿಸುವುವು. ಬಲಗೈ ಟ್ರಿಗರನ್ನು ಎಳೆಯುವುದು. ಎಳೆದೊಡನೆ ಮಸೂರದ ಬೆಳಕಿಂಡಿ ಮೊದಲೇ ಗೊತ್ತುಮಾಡಿದಷ್ಟಕ್ಕೆ ಕಿರಿದಾಗಿ, ಒಂದು ಸಲಾಕೆ ಕ್ಯಾಮರಾದ ತಳದ ಗುಂಡಿಯನ್ನು ಒತ್ತುತ್ತದೆ. ಹಿಡಿತವನ್ನು ಬದಲಿಸುವ ಪ್ರಮೇಯವೇ ಇಲ್ಲ.

ತೊಡಕು ಇಲ್ಲಿಯೇ ಇದೆ. ಡಿಜಿಟಲ್ ಕ್ಯಾಮರಾದ ತಳದಲ್ಲಿ ಅಂಥ ಗುಂಡಿಯಿಲ್ಲ. ಆದರೆ ಹಲವು ಕ್ಯಾಮರಾಗಳಲ್ಲಿ ದೂರದಿಂದ ಚಾಲಿಸುವ ತಂತಿಗೆಂದು ಪುಟ್ಟ ರಂಧ್ರವಿರುತ್ತದೆ. ಟ್ರಿಗರಿನ ಹಿಂದೆ ಸಣ್ಣದೊಂದು ವಿದ್ಯುತ್ ಸ್ವಿಚ್ಚನ್ನು ಕೂರಿಸಿ, ತಂತಿಯನ್ನು ಆ ರಂಧ್ರಕ್ಕೆ ಸೇರಿಸಿದರೆ ಕೆಲಸವಾಯಿತು. ರೇಡಿಯೋ ರಿಪೇರಿ ಬಲ್ಲವನಿಗೆ ಒಂದು ಸಂಜೆಯ ಕೆಲಸ. ಮಸೂರವನ್ನು ಕೂರಿಸುವುದರಲ್ಲಿ ಇನ್ನಷ್ಟು ಎಚ್ಚರ ಬೇಕು. ಹಳೆಯ ಜೆನಿತ್‌ನಲ್ಲಿ ಮಸೂರದ ಪೀಠಕ್ಕೂ ಫಿಲ್ಮಿಗೂ ನಡುವಣ ಅಂತರ ಸುಮಾರು ೪೫.೫ ಮಿ.ಮೀ. ಕ್ಯಾನನ್‌ನ ಕನ್ನಡಿಯುಳ್ಳ ಕ್ಯಾಮರಾಗಳಲ್ಲಿ ಈ ಅಂತರ ೪೪. ಉಳಿದ ಒಂದೂವರೆ ಮಿಲಿಮೀಟರನ್ನು ತೆಳುವಾದ ಬಳೆಯೊಂದು ತುಂಬುವುದು. ನಿಕಾನ್‌ನ ಅದೇ ಬಗೆಯವುಗಳಲ್ಲಿ ೪೬.೫ ಇರುವುದರಿಂದ, ನಡುವೆ ಬೇರೊಂದು ಮಸೂರವಿಲ್ಲದೆ ದೂರದ ವಸ್ತು ಸ್ಫುಟವಾಗಲಾರದು. ಕನ್ನಡಿಯಿಲ್ಲದ ಹೊಸ ಕ್ಯಾಮರಾಗಳಿಗೆ ಈ ಚಿಂತೆಯಿಲ್ಲ; ಅವುಗಳ ಅಂತರ ಬಹಳ ಕಡಿಮೆ. ಆದರೆ ಕಣ್ಣಿಟ್ಟು ನೋಡುವ ಕಿಂಡಿಯಿಲ್ಲದೆ, ಬೆನ್ನಿನ ಪರದೆಯನ್ನೇ ನಂಬಿದ ಕ್ಯಾಮರಾವನ್ನು ಆರಿಸಿದರೆ ಶ್ರಮವೆಲ್ಲ ವ್ಯರ್ಥ. ಪರದೆ ಕಾಣಬೇಕಾದರೆ ಸಾಧನವನ್ನು ಮುಖದಿಂದ ದೂರ ಹಿಡಿಯಬೇಕು, ದೂರ ಹಿಡಿದರೆ ಭುಜಕ್ಕೆ ಆನಿಸುವುದೆಲ್ಲಿ?

‘ಅಲುಗಾಟವನ್ನು ತಡೆಯುವ ಯಂತ್ರವೇ ಈಗಿನ ಮಸೂರಗಳಲ್ಲಿರುವಾಗ ಈ ಮರದ ಕಾಲದ ಉಪಾಯವೇಕೆ?’ ಎಂದು ಕೇಳುವವರಿದ್ದಾರೆ. ಆ ಯಂತ್ರ ಕೈಯ ನಡುಕವನ್ನು ತಿದ್ದೀತು, ತೋಳಿನ ಆಯಾಸವನ್ನು ತಿದ್ದದು. ಮರಕುಟಿಗ ಪೊಟರೆಗೆ ಮರಳುವುದನ್ನು ಕಾಯುತ್ತ ಎರಡು ಕಿಲೋ ಭಾರವನ್ನು ಹತ್ತು ನಿಮಿಷ ಎತ್ತಿ ಹಿಡಿದವರನ್ನು ಕೇಳಿ ನೋಡಿ. ಹಳೆಯ ಮಸೂರದ ಪರವಾಗಿ ಮಾತ್ರ ನಾನು ವಾದಿಸುವುದಿಲ್ಲ. ಹಾರುವ ಹಕ್ಕಿಯ ಕಣ್ಣನ್ನು ತಾನೇ ಗುರುತಿಸಿ ಹಿಂಬಾಲಿಸುವ ಇಂದಿನ ಸ್ವಯಂಚಾಲಿತ ವ್ಯವಸ್ಥೆಗೆ ಬೆರಳಿನ ತಿರುಪು ಸರಿಸಾಟಿಯಲ್ಲ. ಕೂತ ಹಕ್ಕಿಗೆ, ಮೇಯುವ ಜಿಂಕೆಗೆ, ಹಣದ ಅನುಕೂಲವಿಲ್ಲದ ವಿದ್ಯಾರ್ಥಿಗೆ ಹಳೆಯ ಮಸೂರ ಸಾಕು. ಉಳಿದವರು ಹೊಸ ಮಸೂರವನ್ನೇ ಭುಜದಾಸರೆಯ ಮೇಲೆ ಕೂರಿಸಿಕೊಳ್ಳಲಿ.

ಇನ್ನು ಕಳಚತಕ್ಕ ಅಂಶ, ಅದು ಬಂದೂಕಿನ ರೂಪ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ೩೧ನೆಯ ಪ್ರಕರಣದಂತೆ ನಮ್ಮ ಅಭಯಾರಣ್ಯಗಳಿಗೆ ಲಿಖಿತ ಅನುಮತಿಯಿಲ್ಲದೆ ಆಯುಧವನ್ನು ಒಯ್ಯಕೂಡದು. ಕ್ಯಾಮರಾ ಆಯುಧವಲ್ಲ, ನಿಜ. ಆದರೆ ಮುಸ್ಸಂಜೆಯ ಮಬ್ಬಿನಲ್ಲಿ, ಕಳ್ಳಬೇಟೆಗಾರರನ್ನು ಕಾದು ಕುಳಿತ ಕಾವಲುಗಾರನಿಗೆ ನೂರು ಗಜದಾಚೆ ಕಾಣುವುದು ಭುಜಕ್ಕಾನಿಸಿದ ಕರಿಯ ನಳಿಗೆ, ಟ್ರಿಗರಿನ ಮೇಲಿಟ್ಟ ಬೆರಳು. ಆತನು ಹತ್ತಿರ ಬಂದು ವಿಚಾರಿಸಿಯೇ ತೀರ್ಮಾನಿಸಬೇಕೆಂದು ನಿರೀಕ್ಷಿಸುವುದು ಅವನಿಗೆ ಅನ್ಯಾಯ, ನಮಗೆ ಅಪಾಯ. ರೈಲ್ವೆ ನಿಲ್ದಾಣದಲ್ಲಿಯೂ ಪೇಟೆಯ ಬೀದಿಯಲ್ಲಿಯೂ ಇದೇ ಮಾತು. ಕೆಲವರು ಇದಕ್ಕೆ ಸೇನೆಯವರಂತೆ ಹಸಿರು-ಕಂದು ಮಚ್ಚೆಗಳ ಬಣ್ಣ ಬಳಿಯುತ್ತಾರೆ. ಜಿಂಕೆಗೆ ಮೋಸವಾದೀತೋ ಇಲ್ಲವೋ, ಮನುಷ್ಯರಿಗಂತೂ ದಿಗಿಲಾಗುವುದು ಖಂಡಿತ.

ಆದುದರಿಂದ ಬಂದೂಕಿನ ಹಿಡಿಯನ್ನು ತೆಗೆದುಹಾಕಿ, ಅಲ್ಯೂಮಿನಿಯಂ ಕೊಳವೆಯನ್ನು ಬಾಗಿಸಿ ಭುಜಕ್ಕೊಪ್ಪುವ ಅಗಲವಾದ ಕೊಂಕಿಯನ್ನು ಮಾಡಿಸುವುದು ಮೇಲು. ಟ್ರಿಗರಿನ ಬದಲು ಹಿಡಿಕೆಯ ಮೇಲ್ತುದಿಯಲ್ಲಿ ಹೆಬ್ಬೆರಳಿಗೆ ಸಿಕ್ಕುವಂತೆ ಸ್ವಿಚ್ಚಿರಲಿ. ಮೂರು ನೆಲೆಗಳ ಆಸರೆ ಹಾಗೆಯೇ ಉಳಿಯುತ್ತದೆ. ಮರವೇ ಬೇಕೆನ್ನುವವರು ಎಣ್ಣೆ ಹಚ್ಚಿದ ತಿಳಿಬಣ್ಣದ ತೇಗವನ್ನು ಬಳಸಬಹುದು. ಬಡಗಿಯ ಬಳಿಗೆ ಹೋಗುವ ಮುನ್ನ ಕ್ಯಾಮರಾವನ್ನು ಕಣ್ಣಿಗೆ ಹಿಡಿದು, ಅದರ ಬೆನ್ನಿನಿಂದ ಭುಜದ ಗುಳಿಯವರೆಗಿನ ಅಳತೆಯನ್ನು ಬೇರೊಬ್ಬರಿಂದ ತೆಗೆಸಿಕೊಳ್ಳಿರಿ. ಚಳಿಗಾಲದಲ್ಲಿ ಕಾಡಿಗೆ ಹೋಗುವವರು ಉಣ್ಣೆಯ ಅಂಗಿ ತೊಟ್ಟೇ ಅಳತೆ ಕೊಡತಕ್ಕದ್ದು.